ಬೈಕ್ ಜಾಕೆಟ್: ಬಣ್ಣಕ್ಕಿಂತ ಮೊದಲು ಲೇಬಲ್ ನೋಡಿ

ಜಾಕೆಟ್ ಕೊಳ್ಳುವಾಗ ಕಣ್ಣು ಮೊದಲು ಹೋಗುವುದು ಬಣ್ಣಕ್ಕೆ, ಆಮೇಲೆ ದಪ್ಪಕ್ಕೆ. ಆದರೆ ಬಿದ್ದಾಗ ಚರ್ಮ ಉಳಿಯಬೇಕಾದರೆ ಬಟ್ಟೆ ಡಾಂಬರಿಗೆ ಉಜ್ಜಿದರೂ ಹರಿಯಬಾರದು, ಹೊಲಿಗೆ ಬಿಚ್ಚಬಾರದು. ಇದನ್ನು ಹೇಳುವುದು ಒಳಗಿನ ಲೇಬಲ್: ಯುರೋಪಿನ ಇಎನ್ 17092 ಮಾನದಂಡದಲ್ಲಿ ಎಎಎ ಎಲ್ಲಕ್ಕಿಂತ ಗಟ್ಟಿ, ನಂತರ ಎಎ, ಆಮೇಲೆ ಎ. ಭುಜ, ಮೊಣಕೈ ಪ್ಯಾಡಿಗೆ ಬೇರೆಯೇ ಗುರುತು, ಇಎನ್ 1621-1. ಪರೀಕ್ಷೆಯ ಪೆಟ್ಟಿನಲ್ಲಿ ಲೆವೆಲ್ 1 ಪ್ಯಾಡ್ ಸರಾಸರಿ 35 ಕಿಲೋನ್ಯೂಟನ್‌ವರೆಗಿನ ಬಲವನ್ನು ಒಳಗೆ ಬಿಡಬಹುದು, ಲೆವೆಲ್ 2 ಬರೀ 20. ಬೆನ್ನಿನ ಜೇಬಿನಲ್ಲಿ ಎಷ್ಟೋ ಸಲ ಬರೀ ಸ್ಪಂಜು ಇರುತ್ತದೆ, ತೆಗೆದು ನೋಡಿ.

ರಾಯಚೂರಿನ ಬಿಸಿಲಲ್ಲಿ ಇಂಥ ಜಾಕೆಟ್ ತೊಡುವುದು ಹೇಗೆ ಎಂಬ ಪ್ರಶ್ನೆ ನ್ಯಾಯವೇ. ಅದಕ್ಕೇ ಗಾಳಿಯಾಡುವ ಬಲೆಬಟ್ಟೆಯ ಮೆಶ್ ಜಾಕೆಟ್ ಇರುವುದು. ಮನೆಯ ಗೂಟಕ್ಕೆ ನೇತಾಡುವ ಚರ್ಮದ ಜಾಕೆಟ್‌ಗಿಂತ ಮೈಮೇಲಿರುವ ಎ ದರ್ಜೆಯ ಮೆಶ್ ಮೇಲು. ಅಳತೆ ಸಡಿಲವಾದರೆ ಪ್ಯಾಡ್ ಜಾರುತ್ತದೆ; ಅಂಗಡಿಯಲ್ಲೇ ತೊಟ್ಟು, ಹ್ಯಾಂಡಲ್ ಹಿಡಿದಂತೆ ಕೈಚಾಚಿ ನೋಡಿಯೇ ಕೊಳ್ಳಿ.