ಮರದಲ್ಲಿ ಕೊರೆದ ಮುಖಗಳು

ಭದ್ರಾವತಿಯಲ್ಲಿ ನಮ್ಮ ಮಾಮೂನ ಅಂಗಡಿ ಇದೆ. ಅಲ್ಲಿ ಬಿಲ್ಲಿನ ಮೇಲೆ ಒತ್ತುವ ರಬ್ಬರ್ ಸ್ಟಾಂಪನ್ನು ತಿರುಗಿಸಿ ನೋಡಿದರೆ ಅಕ್ಷರಗಳೆಲ್ಲ ಉಲ್ಟಾ. ಉಬ್ಬಿದ ಭಾಗಕ್ಕೆ ಮಾತ್ರ ಶಾಯಿ ಹತ್ತುತ್ತದೆ, ತಗ್ಗಾದದ್ದು ಕಾಗದದಲ್ಲಿ ಬಿಳಿಯಾಗಿ ಉಳಿಯುತ್ತದೆ. ವುಡ್‌ಕಟ್, ಅಂದರೆ ಮರದಚ್ಚಿನ ಚಿತ್ರದ ತತ್ವವೂ ಇಷ್ಟೇ. ನಮ್ಮ ಶಿವಮೊಗ್ಗ ಜಿಲ್ಲೆಯ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತಿದಾಗ ಆ ಮರವೇ ಕಲಾಕೃತಿ. ಮರದಚ್ಚಿನಲ್ಲಿ ಕಾಗದದ ಮೇಲೆ ಮೂಡಿದ್ದೇ ಕಲಾಕೃತಿ.

ಈ ಹಳೆಯ ವಿದ್ಯೆಗೆ ಹೊಸ ಜೀವ ಕೊಟ್ಟವರಲ್ಲಿ ಜರ್ಮನಿಯ ಎಕ್ಸ್‌ಪ್ರೆಷನಿಸ್ಟ್ ಕಲಾವಿದರು ಮುಖ್ಯರು. 1905ರಲ್ಲಿ ಡ್ರೆಸ್ಡೆನ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ನಾಲ್ವರು ವಿದ್ಯಾರ್ಥಿಗಳು ‘ಸೇತುವೆ’ ಎಂಬ ಅರ್ಥದ ‘ಬ್ರೂಕೆ’ ಗುಂಪು ಕಟ್ಟಿದರು. ಮುಖ ಹೇಗಿದೆ ಎನ್ನುವುದಕ್ಕಿಂತ ಮನಸ್ಸು ಹೇಗಿದೆ ಎಂದು ತೋರಿಸುವುದು ಅವರಿಗೆ ಬೇಕಿತ್ತು. ಉಳಿಯಿಂದ ನಯವಾದ ಛಾಯೆ ತರುವುದು ಕಷ್ಟ. ಕೆನ್ನೆ ಕೋನವಾಗುತ್ತದೆ, ಕಣ್ಣು ಕಪ್ಪು ಗುಳಿಯಾಗುತ್ತದೆ. ಕೊರೆದು ತೆಗೆದದ್ದನ್ನು ಮತ್ತೆ ಅಂಟಿಸಲಾಗದು. ಆ ಗುಂಪಿನ ಎರಿಕ್ ಹೆಕೆಲ್ 1919ರಲ್ಲಿ ಮಾಡಿದ ತನ್ನದೇ ಭಾವಚಿತ್ರ ನೋಡಿ: ನೀಳವಾದ, ದಣಿದ ಮುಖ. ಮೊದಲ ಮಹಾಯುದ್ಧ ಮುಗಿದು ಆಗಿನ್ನೂ ಒಂದು ವರ್ಷ.

ಆ ಗುಂಪಿಗೆ ಸೇರದ ಕೇಟೆ ಕೋಲ್ವಿಟ್ಜ್ ಆ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಿ. 1919ರ ಜನವರಿ 15ರಂದು ಬರ್ಲಿನ್‌ನಲ್ಲಿ ಕಾರ್ಮಿಕ ನಾಯಕ ಕಾರ್ಲ್ ಲೀಬ್‌ನೆಕ್ಟ್ ಕೊಲೆಯಾದರು. ಕುಟುಂಬದವರು ಕೇಳಿಕೊಂಡಾಗ ಕೋಲ್ವಿಟ್ಜ್ ಶವಾಗಾರಕ್ಕೆ ಹೋಗಿ ಅವರ ಮುಖ ಬರೆದುಕೊಂಡರು. ಲೋಹದ ಫಲಕ, ಕಲ್ಲಚ್ಚು ಎರಡರಲ್ಲೂ ಪ್ರಯತ್ನಿಸಿ ತೃಪ್ತಿಯಾಗದೆ 1920ರಲ್ಲಿ ಮರವನ್ನು ಕೈಗೆತ್ತಿಕೊಂಡರು. ಆ ಚಿತ್ರದಲ್ಲಿ ಸತ್ತವರು ಕೆಳಗೆ ಅಡ್ಡಲಾಗಿ ಮಲಗಿದ್ದಾರೆ. ನಾವು ನೋಡುವುದು ಮಾತ್ರ ಮೇಲೆ ಬಾಗಿದ ಕೂಲಿಕಾರರ ಮುಖಗಳನ್ನು. ಒಬ್ಬ ಎದೆಯ ಮೇಲೆ ಕೈಯಿಟ್ಟಿದ್ದಾನೆ. ಹಿಂದೆ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡಿದ್ದಾಳೆ. ನಮ್ಮ ಮನೆಗಳಲ್ಲಿ ಜನಾಜಾ ಹೊರಡುವ ಮುಂಚೆ ‘ಆಖ್ರಿ ದೀದಾರ್’ ಅನ್ನುತ್ತೇವಲ್ಲ, ಕೊನೆಯ ಸಲ ಮುಖ ನೋಡುವುದು, ಅದೇ ಇದು. ಯಾರ ಕಣ್ಣಲ್ಲೂ ನೀರಿನ ಹನಿ ಬರೆದಿಲ್ಲ. ಆದರೂ ಎಲ್ಲರೂ ಅಳುತ್ತಿದ್ದಾರೆ ಎಂದು ನಮಗೆ ಗೊತ್ತಾಗುತ್ತದೆ.

ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಇನ್ನೊಂದು ವಿಷಯ ಕಾಣುತ್ತದೆ. ಕ್ಯಾನ್ವಾಸಿನ ಚಿತ್ರ ಒಂದೇ ಒಂದು, ಉಳ್ಳವರ ಗೋಡೆಗೆ ಹೋಗುತ್ತದೆ. ಮರದ ಫಲಕಕ್ಕೆ ಶ್ರಮ ಒಮ್ಮೆ, ಪ್ರತಿ ನೂರಾರು, ಆದ್ದರಿಂದ ಒಂದೊಂದರ ವೆಚ್ಚ ಇಳಿಯುತ್ತದೆ. 1933ರಲ್ಲಿ ನಾಜಿಗಳು ಕೋಲ್ವಿಟ್ಜ್ ಅವರನ್ನು ಬರ್ಲಿನ್ನಿನ ಕಲಾ ಅಕಾಡೆಮಿಯಿಂದ ಹೊರಹಾಕಿಸಿದರು. ಅಷ್ಟರಲ್ಲಿ ಅವರು ಕೊರೆದ ಮುಖಗಳು ಒಂದೇ ಕಡೆ ಇರಲಿಲ್ಲ. ಅವುಗಳ ಪ್ರತಿಗಳು ಇಂದಿಗೂ ಹಲವು ದೇಶಗಳ ಮ್ಯೂಸಿಯಮ್ಮುಗಳಲ್ಲಿವೆ.