‘ಭಾಗ್ಯದ ಲಕ್ಷ್ಮಿ’ ಯಾರ ಹಾಡು?

ಸಿನಿಮಾ ಹಾಡು ಸಾಮಾನ್ಯವಾಗಿ ಒಬ್ಬರದೇ ಆಗಿ ಉಳಿದುಬಿಡುತ್ತದೆ. ಪಿ.ಬಿ. ಶ್ರೀನಿವಾಸ್ ಹಾಡಿದ್ದನ್ನು ಇಂದಿನ ಹುಡುಗರು ವೇದಿಕೆಯ ಮೇಲೆ ಎಷ್ಟೇ ಚೆನ್ನಾಗಿ ಹಾಡಲಿ, ‘ಪಿ.ಬಿ. ಶ್ರೀನಿವಾಸರ ಹಾಡು ಹಾಡಿದ’ ಎಂದೇ ಹೇಳುತ್ತೇವೆ. ಆದರೆ ಕನ್ನಡದಲ್ಲಿ ಇನ್ನೊಂದು ಬಗೆಯ ಜನಪ್ರಿಯ ಹಾಡುಗಳಿವೆ. ಅವು ಒಬ್ಬರ ಕೊರಳಲ್ಲಿ ಮನೆಮಾತಾಗಿ, ಕೆಲವು ವರ್ಷಗಳ ಮೇಲೆ ಇನ್ನೊಬ್ಬರ ಕೊರಳಲ್ಲಿ ಮತ್ತೆ ಮನೆಮಾತಾಗುತ್ತವೆ. ಹೊಸದು ಬಂತೆಂದು ಹಳೆಯದು ಮೂಲೆ ಸೇರುವುದಿಲ್ಲ. ದಾಸರ ಪದಗಳಲ್ಲಿ ಇದು ಎದ್ದು ಕಾಣುತ್ತದೆ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಯಾರ ಹಾಡು ಎಂದು ಕೇಳಿ ನೋಡಿ. ಮನೆಗೊಂದು ಉತ್ತರ ಸಿಗುತ್ತದೆ.

ನಾವು ಡೊಂಬಿವಲಿಯಲ್ಲಿ ಹತ್ತು ಹನ್ನೆರಡು ಮಂದಿ ಕನ್ನಡ ಹೆಂಗಸರು ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಹಾಡುತ್ತೇವೆ. ಧಾರವಾಡದ ಕಡೆಯವರು, ಮೈಸೂರಿನ ಕಡೆಯವರು, ಉಡುಪಿಯ ಕಡೆಯವರು ಎಲ್ಲರೂ ಇದ್ದೇವೆ. ಊರಿನಲ್ಲೇ ಇದ್ದಿದ್ದರೆ ಇಷ್ಟು ಕಡೆಯವರು ಒಂದೇ ಚಾಪೆಯ ಮೇಲೆ ಕೂರುತ್ತಿದ್ದೆವೋ ಇಲ್ಲವೋ! ನಮ್ಮಲ್ಲಿ ಬೇರೆ ಯಾವುದಕ್ಕೂ ಜಗಳವಿಲ್ಲ, ಈ ಒಂದು ಹಾಡು ಬಂದರೆ ಮಾತ್ರ ಶುರುವಾಗುತ್ತದೆ. “ಎಂ.ಎಸ್. ಹಾಡಿರೋದೇ ಸರಿ ಕಣ್ರೀ” ಎನ್ನುತ್ತಾರೆ ಒಬ್ಬರು. “ಅಷ್ಟ್ ಅವಸರ ಯಾಕ್ರೀ ವೈನಿ, ಭೀಮಸೇನರು ಹಾಡಿದ್ಹಂಗ ನಿಧಾನ ಹಾಡ್ರಿ” ಎನ್ನುತ್ತಾರೆ ಇನ್ನೊಬ್ಬರು. “ನಮ್ಮ ಭಜನೆಯಲ್ಲಿ ತಾಳ ಹಿಡಿದು ಎಲ್ಲರೂ ಒಟ್ಟಿಗೆ ಹೇಳುವುದು ಮಾರಾಯ್ರೆ, ಹಾಗೇ ಹೇಳುವ” ಎಂಬುದು ಮೂರನೆಯವರ ವಾದ. ಕಳೆದ ಶ್ರಾವಣದಲ್ಲಿ ಮಾತಿಗೆ ಮಾತು ಬೆಳೆದು ಒಬ್ಬರು ಎರಡು ವಾರ ಬರಲೇ ಇಲ್ಲ.

ಎಂ.ಎಸ್. ಸುಬ್ಬುಲಕ್ಷ್ಮಿ ಹುಟ್ಟಿದ್ದು 1916ರಲ್ಲಿ, ಮಧುರೆಯಲ್ಲಿ. ಮನೆಮಾತು ತಮಿಳು. ದಕ್ಷಿಣದ ಕಚೇರಿಗಳಲ್ಲಿ ‘ಭಾಗ್ಯದ ಲಕ್ಷ್ಮೀ’ಯನ್ನು ಹೆಚ್ಚಾಗಿ ಮಧ್ಯಮಾವತಿ ರಾಗದಲ್ಲಿ ಹಾಡುತ್ತಾರೆ. ಕಚೇರಿಯನ್ನು ಮಂಗಳಕರವಾಗಿ ಮುಗಿಸುವ ರಾಗ ಅದು. ಅಲ್ಲಿಯವರೆಗೆ ಆದ ಲೋಪದೋಷಗಳನ್ನೆಲ್ಲ ಮಧ್ಯಮಾವತಿ ಪರಿಹರಿಸುತ್ತದೆ ಎಂಬ ನಂಬಿಕೆ ಸಂಗೀತಗಾರರಲ್ಲಿದೆ. ಹಾಗಾಗಿ ದೊಡ್ಡ ಕೀರ್ತನೆಗಳೆಲ್ಲ ಮುಗಿದು, ಜನ ಇನ್ನೇನು ಏಳಬೇಕು ಎನ್ನುವ ಹೊತ್ತಿಗೆ ಈ ಪದ ಬರುತ್ತದೆ. ಸಂಗೀತ ತಿಳಿಯದವರೂ ಮನೆಗೆ ಹೋಗುವಾಗ ಅದನ್ನೇ ಗುನುಗುತ್ತ ಹೋಗುತ್ತಾರೆ. ಅಚ್ಚುಕಟ್ಟಾದ ಗತಿ, ಬಿಡಿಬಿಡಿಯಾಗಿ ಕೇಳುವ ಅಕ್ಷರ. ಎಂ.ಎಸ್. ಧ್ವನಿಯಲ್ಲಿ ಅದನ್ನು ಕೇಳಿದರೆ ದೀಪ ಹಚ್ಚಿಟ್ಟ ದೇವರ ಮನೆ ಕಣ್ಣಿಗೆ ಬರುತ್ತದೆ.

ಭೀಮಸೇನ ಜೋಶಿಯವರದು ಬೇರೆಯೇ ದಾರಿ. 1922ರಲ್ಲಿ ಗದಗ ಜಿಲ್ಲೆಯಲ್ಲಿ ಹುಟ್ಟಿ, ಸಂಗೀತದ ಹುಚ್ಚು ಹಿಡಿದು ಚಿಕ್ಕಂದಿನಲ್ಲೇ ಮನೆ ಬಿಟ್ಟು, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತು, ಕೊನೆಗೆ ಪುಣೆಯಲ್ಲಿ ನೆಲೆಸಿದವರು. ಗುರುವಿನ ಹೆಸರಿನಲ್ಲಿ 1953ರಲ್ಲಿ ಅವರು ಪುಣೆಯಲ್ಲಿ ಶುರು ಮಾಡಿದ ಸವಾಯಿ ಗಂಧರ್ವ ಮಹೋತ್ಸವ ಇಂದಿಗೂ ನಡೆಯುತ್ತಿದೆ. ಮರಾಠಿಗರಿಗೆ ಅವರು ಅಭಂಗದ ಭೀಮಸೇನರಾದರೆ ನಮಗೆ ದಾಸರ ಪದದ ಭೀಮಸೇನರು. ಅವರ ‘ಭಾಗ್ಯದ ಲಕ್ಷ್ಮೀ’ಯಲ್ಲಿ ಆತುರವಿಲ್ಲ. ಒಂದು ಶಬ್ದವನ್ನು ಎತ್ತಿಕೊಂಡು ಅದನ್ನೇ ಹಿಗ್ಗಿಸಿ, ತಿರುಗಿಸಿ, ತುಂಬು ದನಿಯಲ್ಲಿ ಮತ್ತೆ ಪಲ್ಲವಿಗೆ ತಂದು ಇಳಿಸುತ್ತಾರೆ. ಎಂ.ಎಸ್. ಹಾಡಿದಾಗ ಲಕ್ಷ್ಮಿ ಆಗಲೇ ಹೊಸ್ತಿಲಿಗೆ ಬಂದ ಹಾಗೆ ಅನಿಸುತ್ತದೆ; ಭೀಮಸೇನರು ಹಾಡಿದಾಗ ಅವಳಿನ್ನೂ ದೂರದಲ್ಲಿದ್ದಾಳೆ, ಇವರು ಅಂಗಳದಲ್ಲಿ ನಿಂತು ಕೂಗಿ ಕರೆಯುತ್ತಿದ್ದಾರೆ ಅನಿಸುತ್ತದೆ. ಶಂಕರ್ ನಾಗ್ ಅವರ ‘ನೋಡಿ ಸ್ವಾಮಿ ನಾವಿರೋದು ಹೀಗೆ’ ಚಿತ್ರದಲ್ಲಿ ಈ ಹಾಡು ಸೇರಿದ ಮೇಲಂತೂ ಕಚೇರಿಗೆ ಎಂದೂ ಹೋಗದವರ ಬಾಯಲ್ಲೂ ಅದು ಕುಳಿತಿತು. ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿ ಕನ್ನಡಕ್ಕೆ ಬಂದ ಶಂಕರ್ ನಾಗ್, ಗದಗಿನಿಂದ ಪುಣೆಗೆ ಹೋದ ಭೀಮಸೇನರು. ಇಬ್ಬರೂ ನಮ್ಮ ಹಾಗೆ ಎರಡು ಊರುಗಳ ಅನ್ನ ಉಂಡವರೇ.

ಹಾಗಾದರೆ ಒಂದೇ ಹಾಡು ಇಬ್ಬರಿಗೂ ಹೇಗೆ ಒಲಿಯಿತು? ನನಗೆ ಕಾಣುವ ಮುಖ್ಯ ಕಾರಣ ಇದು. ಪುರಂದರದಾಸರ (1484–1564) ಪದಗಳ ಸಾಹಿತ್ಯ ಹಸ್ತಪ್ರತಿಗಳಲ್ಲಿ, ಹಾಡುವವರ ನೆನಪಿನಲ್ಲಿ ಉಳಿದು ಬಂತು. ಅವರು ಹಾಡಿದ ಮೂಲ ಧಾಟಿಗಳು ಬಹುಮಟ್ಟಿಗೆ ಉಳಿದು ಬರಲಿಲ್ಲ. ತ್ಯಾಗರಾಜರ ಕೃತಿಗಳು ಶಿಷ್ಯಪರಂಪರೆಯಲ್ಲಿ ರಾಗ, ಸಂಗತಿಗಳ ಸಮೇತ ಬಂದವು. ದಾಸರ ಪದಗಳಿಗೆ ಅಂಥ ಬಿಗಿ ಕಟ್ಟು ಇರಲಿಲ್ಲ. ಪ್ರತಿ ಪದದ ಕೊನೆಯಲ್ಲಿ ‘ಪುರಂದರ ವಿಠಲ’ ಎಂಬ ಅಂಕಿತವಿದೆ. ಅದು ಮಾತಿಗೆ ಹಾಕಿದ ರುಜು. ರಾಗಕ್ಕೆ ಯಾರ ರುಜುವೂ ಇಲ್ಲ. ಆದ್ದರಿಂದ ಬಂದವರೆಲ್ಲ ತಮಗೆ ತಿಳಿದ ರಾಗದಲ್ಲಿ, ತಮಗೆ ಹಿಡಿಸಿದ ಗತಿಯಲ್ಲಿ ಹಾಡಿದರು. ಅಣ್ಣನ ಅಂಗಿಯನ್ನು ತಮ್ಮ ಹಾಕಿಕೊಂಡ ಹಾಗೆ ಕಾಣಲಿಲ್ಲ. ಪ್ರತಿಯೊಬ್ಬರಿಗೂ ಅಳತೆ ಕೊಟ್ಟು ಹೊಲಿಸಿದ ಹಾಗಾಯಿತು.

ವ್ಯವಹಾರದ ಕಾರಣಗಳೂ ಇವೆ. ಹಳೆಯ 78 ಆರ್‌ಪಿಎಂ ಗ್ರಾಮಾಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಮೂರೂವರೆ ನಿಮಿಷದಷ್ಟು ಹಾಡು. ಒಂದು ಪಲ್ಲವಿ, ಎರಡು ಮೂರು ನುಡಿ ಇರುವ ದೇವರನಾಮ ಅದಕ್ಕೆ ಸರಿಯಾಗಿ ಕೂರುತ್ತಿತ್ತು. ಅಲ್ಲದೆ ದಾಸರ ಸಾಹಿತ್ಯಕ್ಕೆ ಯಾರ ಅನುಮತಿಯೂ ಬೇಡ. ನಮ್ಮ ದೇಶದ ಕಾನೂನಿನ ಪ್ರಕಾರ ಬರೆದವರು ತೀರಿಕೊಂಡ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ದಾಸರು ಹೋಗಿ ನಾಲ್ಕೂವರೆ ಶತಮಾನ ಆಯಿತು. ಯಾವ ಕಂಪನಿ ಬೇಕಾದರೂ ಯಾರಿಂದ ಬೇಕಾದರೂ ಹಾಡಿಸಬಹುದಿತ್ತು, ಹಾಡಿಸಿದವು. ಕ್ಯಾಸೆಟ್ ಕಾಲದಲ್ಲಿ ಕರಾವಳಿಯ ಮನೆಗಳಲ್ಲಿ ವಿದ್ಯಾಭೂಷಣರ ದನಿಯಲ್ಲಿ ಬೆಳಗಾಗುತ್ತಿದ್ದುದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಇನ್ನೊಂದು ಉದಾಹರಣೆ ‘ಕೃಷ್ಣಾ ನೀ ಬೇಗನೆ ಬಾರೋ’. ಇದು ಪುರಂದರದಾಸರ ಗುರು ವ್ಯಾಸರಾಯರ (1460–1539) ರಚನೆ, ಹಾಡುವುದು ಯಮುನಾ ಕಲ್ಯಾಣಿಯಲ್ಲಿ. ಮೊದಲು ಇದಕ್ಕೆ ದೇಶವಿದೇಶಗಳಲ್ಲಿ ಹೆಸರು ತಂದವರಲ್ಲಿ ಒಬ್ಬರು ಗಾಯಕರೇ ಅಲ್ಲ, ಮದ್ರಾಸಿನ ಭರತನಾಟ್ಯ ಕಲಾವಿದೆ ಟಿ. ಬಾಲಸರಸ್ವತಿ (1918–1984). ಸತ್ಯಜಿತ್ ರಾಯ್ 1976ರಲ್ಲಿ ಅವರ ಬಗ್ಗೆ ‘ಬಾಲಾ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಬಾಲಸರಸ್ವತಿ ಕಡಲ ದಂಡೆಯಲ್ಲಿ ನಿಂತು ಈ ಪದಕ್ಕೆ ಅಭಿನಯಿಸುತ್ತಾರೆ. ಹಿಂದೆ ಅಲೆ, ಗಾಳಿಗೆ ಹಾರುವ ಸೆರಗು, ಐವತ್ತು ದಾಟಿದ ತಾಯಿಯೊಬ್ಬಳು ಕಾಣದ ಮಗುವನ್ನು ಕೈ ಮಾಡಿ ಕರೆಯುತ್ತಿದ್ದಾಳೆ. ಕನ್ನಡ ಬಾರದವರಿಗೂ ಅದು ಅರ್ಥವಾಗುತ್ತದೆ.

ಇಪ್ಪತ್ತು ವರ್ಷಗಳ ಮೇಲೆ, 1996ರಲ್ಲಿ, ಅದೇ ಪದ ಮುಂಬಯಿಯಿಂದ ಹೊರಟಿತು. ಮುಂಬಯಿಯಲ್ಲೇ ಬೆಳೆದ ತಮಿಳರಾದ ಹರಿಹರನ್ ಮತ್ತು ಗಿಟಾರ್ ವಾದಕ ಲೆಸ್ಲಿ ಲೂಯಿಸ್ ಸೇರಿ ‘ಕಲೋನಿಯಲ್ ಕಸಿನ್ಸ್’ ಎಂಬ ಆಲ್ಬಂ ತಂದರು. ಅದರಲ್ಲಿ ವ್ಯಾಸರಾಯರ ಪಲ್ಲವಿಯ ಜೊತೆಗೆ ಇಂಗ್ಲಿಷ್ ಸಾಲುಗಳಿವೆ. ಬೇರೆ ಬೇರೆ ಧರ್ಮದವರು ಕರೆಯುವ ಹೆಸರುಗಳಿಂದ ದೇವರನ್ನು ಕರೆದು, ಹೇಗಾದರೂ ಮರಳಿ ಬಾ ಎಂದು ಬೇಡುತ್ತವೆ. ಆಗ ಕಾಲೇಜಿನಲ್ಲಿದ್ದವರೆಲ್ಲ ಇದನ್ನು ಗುನುಗಿದರು. ಲೋಕಲ್ ಟ್ರೈನಿನಲ್ಲಿ ಪಕ್ಕದಲ್ಲಿ ನಿಂತ ಗುಜರಾತಿ ಹುಡುಗಿಯ ಬಾಯಲ್ಲಿ ‘ಬೇಗನೆ ಬಾರೋ’ ಕೇಳಿದಾಗ ನನಗಾದ ಖುಷಿ ಇಷ್ಟಿಷ್ಟಲ್ಲ. ಹಿರಿಯರು ಕೆಲವರು ಮೂಗು ಮುರಿದದ್ದೂ ಉಂಟು. ಆದರೆ ಹಾಡು ಕೆಟ್ಟಿತೇ? ಕೆ.ಜೆ. ಯೇಸುದಾಸ್ ದನಿಯಲ್ಲಿ ಅದನ್ನು ಕೇಳುವವರು ಇಂದಿಗೂ ಕೇಳುತ್ತಲೇ ಇದ್ದಾರೆ, ನೃತ್ಯ ಶಾಲೆಗಳಲ್ಲಿ ಮಕ್ಕಳು ಇಂದಿಗೂ ಅದಕ್ಕೆ ಅಭಿನಯ ಕಲಿಯುತ್ತಲೇ ಇದ್ದಾರೆ.

ಈ ಎರಡು ಹಾಡುಗಳನ್ನು ದೊಡ್ಡದು ಮಾಡಿದವರ ಪಟ್ಟಿ ನೋಡಿ: ಮಧುರೆಯ ಎಂ.ಎಸ್., ಮದ್ರಾಸಿನ ಬಾಲಸರಸ್ವತಿ, ಪುಣೆಯ ಭೀಮಸೇನರು, ಕೇರಳದ ಯೇಸುದಾಸ್, ಮುಂಬಯಿಯ ಹರಿಹರನ್. ಹೆಚ್ಚಿನವರ ಮನೆಮಾತು ಕನ್ನಡವಲ್ಲ. ಕನ್ನಡಿಗರಾದ ಭೀಮಸೇನರೂ ಬಾಳಿದ್ದು ಹೊರನಾಡಿನಲ್ಲಿ. ಧಾಟಿಗೆ ಗಡಿಯಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಾಗಾಗಿ ‘ಯಾವ ಧಾಟಿ ಸರಿ’ ಎಂಬ ನಮ್ಮ ಶುಕ್ರವಾರದ ಜಗಳಕ್ಕೆ ಅರ್ಥವಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಜಗಳ ಆಡಲೇಬೇಕಾದ ವಿಷಯ ಇನ್ನೊಂದಿದೆ. ಅದು ಮಾತಿನದು.

ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಆದ್ದರಿಂದ ತಮಿಳಿನ ಸಂಗೀತ ಪುಸ್ತಕಗಳಲ್ಲಿ ಅಕ್ಷರದ ಪಕ್ಕದಲ್ಲಿ 2, 3, 4 ಎಂದು ಅಂಕಿ ಹಾಕಿ ‘ಇಲ್ಲಿ ಗ ಹೇಳು, ಇಲ್ಲಿ ಭ ಹೇಳು’ ಎಂದು ತೋರಿಸುತ್ತಾರೆ. ತಮ್ಮದಲ್ಲದ ಭಾಷೆಯ ಪದಕ್ಕೆ ಅವರು ಪಡುವ ಶ್ರಮ ಅಷ್ಟು. ಇತ್ತ ನಮ್ಮ ಮಕ್ಕಳು, ಮೊಮ್ಮಕ್ಕಳು ದಾಸರ ಪದಗಳನ್ನು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾರೆ. ಶಾಲೆಯಲ್ಲಿ ಕಲಿತದ್ದು ಅದೇ ಲಿಪಿ, ಅವರ ತಪ್ಪಲ್ಲ. ಆದರೆ ನಾವು ಸಾಮಾನ್ಯವಾಗಿ ಬರೆಯುವ ದೇವನಾಗರಿಯಲ್ಲಿ ಎ–ಏ, ಒ–ಓ ಬೇರೆ ಬೇರೆ ಇಲ್ಲ. ‘ಬೇಗನೆ’ ಎಂಬ ಶಬ್ದದಲ್ಲಿ ‘ಬೇ’ ದೀರ್ಘ, ‘ನೆ’ ಹ್ರಸ್ವ. ದೇವನಾಗರಿಯಲ್ಲಿ ಎರಡಕ್ಕೂ ಒಂದೇ ಮಾತ್ರೆ. ಮಗು ‘ಬೇಗನೇ’ ಎಂದು ಎಳೆಯುತ್ತದೆ. ಅರ್ಥ ತಿಳಿದಿದ್ದರೆ ನಾಲಿಗೆ ತಾನಾಗಿ ಸರಿಹೋಗುತ್ತಿತ್ತು. ಅರ್ಥವೂ ಗೊತ್ತಿಲ್ಲ. ನಮ್ಮ ಮಂಡಳಿಯ ಹನ್ನೆರಡು ವರ್ಷದ ಹುಡುಗಿಯೊಬ್ಬಳು ‘ಭಾಗ್ಯದ ಲಕ್ಷ್ಮೀ’ಯನ್ನು ಪೂರ್ತಿ, ಸ್ವಲ್ಪವೂ ಶ್ರುತಿ ತಪ್ಪದೆ ಹಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಅವಳೇ ಕೇಳಿದಳು, “ಅಜ್ಜಿ, ಇದರಲ್ಲಿ ಬೆಣ್ಣೆ ಯಾಕೆ ಬರುತ್ತೆ?” ಮಜ್ಜಿಗೆ ಕಡೆಯುವ ಮನೆಯನ್ನು ಅವಳು ನೋಡಿಲ್ಲ. ಕಡಗೋಲು ಎಂಬ ಶಬ್ದ ಕೇಳಿಲ್ಲ. ಪೊಟ್ಟಣದ ಬೆಣ್ಣೆ ಮಾತ್ರ ಗೊತ್ತು.

ಆ ಪ್ರಶ್ನೆ ನಮ್ಮ ಜಗಳವನ್ನು ನಿಲ್ಲಿಸಿತು. ಆ ದಿನ ಹಾಡು ಬಿಟ್ಟು ಒಂದು ಗಂಟೆ ಕಡಗೋಲು, ಮಜ್ಜಿಗೆ, ಕಾಲ್ಗೆಜ್ಜೆ, ಶುಕ್ರವಾರದ ಪೂಜೆಯ ಮಾತೇ ಆಯಿತು. ಬರುವುದನ್ನು ನಿಲ್ಲಿಸಿದ್ದವರಿಗೆ ಆ ಹುಡುಗಿಯೇ ಫೋನು ಮಾಡಿ ಕರೆದಳು.

ಈಗ ನಾವು ಎರಡು ನಿಯಮ ಮಾಡಿಕೊಂಡಿದ್ದೇವೆ. ಒಂದು, ಯಾರ ಮನೆಯಲ್ಲಿ ಸೇರುತ್ತೇವೋ ಅವರ ಧಾಟಿ. ಡೊಂಬಿವಲಿಯ ಒಂದೇ ಹುಡುಗಿಗೆ ಹೀಗೆ ‘ಭಾಗ್ಯದ ಲಕ್ಷ್ಮೀ’ ಮೂರು ಬಗೆಯಲ್ಲಿ ಬರುತ್ತದೆ, ಊರಿನ ಮಕ್ಕಳಿಗೂ ಇಲ್ಲದ ಭಾಗ್ಯ ಇದು. ಎರಡು, ಹಾಡುವ ಮೊದಲು ಒಂದು ನುಡಿಯ ಅರ್ಥ ಹೇಳಬೇಕು, ಮಕ್ಕಳು ಅದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಬೇಕು. ವಾರಕ್ಕೆ ಒಂದೇ ನುಡಿ, ಹತ್ತು ನಿಮಿಷ ಸಾಕು. ವರ್ಷಕ್ಕೆ ಹತ್ತು ಹದಿನೈದು ಪದ ಆಗುತ್ತವೆ, ಜೊತೆಗೆ ಲಿಪಿಯೂ ಬರುತ್ತದೆ.

ನಿಮ್ಮ ಊರಿನಲ್ಲೂ ಇಂಥ ಗುಂಪು ಇದ್ದರೆ ಈ ನವರಾತ್ರಿಗೆ ಪ್ರಯತ್ನಿಸಿ ನೋಡಿ. ಪುಣೆಯಲ್ಲಿ, ಚೆನ್ನೈಯಲ್ಲಿ, ಹೈದರಾಬಾದಿನಲ್ಲಿ, ದಿಲ್ಲಿಯಲ್ಲಿ ‘ಭಾಗ್ಯದ ಲಕ್ಷ್ಮೀ’ಯನ್ನು ಯಾವ ಧಾಟಿಯಲ್ಲಿ ಹಾಡುತ್ತೀರಿ ಎಂದೂ ಬರೆದು ತಿಳಿಸಿ. ನಮ್ಮ ಹುಡುಗಿಗೆ ನಾಲ್ಕನೆಯದನ್ನು ಕಲಿಯುವ ಆಸೆಯಿದೆ.