ಬೆಸ್ಟ್ ಬಿಫೋರ್ ಬೇರೆ, ಎಕ್ಸ್‌ಪೈರಿ ಬೇರೆ

ಕಳೆದ ಮಳೆಗಾಲದಲ್ಲಿ ಬೆಳ್ತಂಗಡಿ ಕಡೆಯ ತಾಯಿಯೊಬ್ಬರು ಮೂರು ವರ್ಷದ ಮಗನನ್ನು ಎತ್ತಿಕೊಂಡು ಬಂಟ್ವಾಳದ ನನ್ನ ಕ್ಲಿನಿಕ್ಕಿಗೆ ಬಂದರು. ರಾತ್ರಿಯಿಂದ ವಾಂತಿ, ಭೇದಿ. ಮಗುವಿನ ಕಣ್ಣು ಗುಳಿಬಿದ್ದಿತ್ತು, ಬೆಳಗ್ಗಿನಿಂದ ಮೂತ್ರ ಹೋಗಿರಲಿಲ್ಲ. ಇದು ಅರ್ಕ, ಶರಬತ್ತು ಕೊಟ್ಟು ಕಳಿಸುವ ಕೇಸ್ ಅಲ್ಲ. ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸುತ್ತಲೇ ಆಸ್ಪತ್ರೆಗೆ ಕಳಿಸಿದೆ. ಎರಡು ದಿನ ಡ್ರಿಪ್ ಹಾಕಿದ ಮೇಲೆ ಹುಷಾರಾದ, ಅಲ್‌ಹಮ್ದುಲಿಲ್ಲಾಹ್.

ವಾರದ ನಂತರ ಆ ತಾಯಿ ಒಂದು ಖಾಲಿ ಪ್ಯಾಕೆಟ್ ತಂದು ಮೇಜಿನ ಮೇಲಿಟ್ಟರು. ಫ್ರಿಜ್‌ನಲ್ಲಿ ಇಡುವ ಚಿಕನ್ ಸಾಸೇಜ್. ಎಕ್ಸ್‌ಪೈರಿ ದಾಟಿ ಒಂಬತ್ತು ದಿನವಾದ ಮೇಲೆ ಮಗುವಿಗೆ ಕೊಟ್ಟಿದ್ದರು. "ಡಾಕ್ಟ್ರೇ, ಡೇಟ್ ದಾಟಿದರೂ ತಿನ್ನಬಹುದು ಅಂತ ನೀವೇ ಹೇಳಿದ್ದಿರಲ್ಲ?"

ಹೌದು, ಹೇಳಿದ್ದೆ. ಆದರೆ ಅದು ರಸ್ಕ್ ಬಗ್ಗೆ. ರಸ್ಕ್ ಪ್ಯಾಕೆಟ್ಟಿನಲ್ಲಿ ಇದ್ದದ್ದು 'ಬೆಸ್ಟ್ ಬಿಫೋರ್'. ಕಾಯಿಲೆ ಆ ಸಾಸೇಜ್‌ನಿಂದಲೇ ಬಂತೆಂದು ನಾನು ಹೇಳಲಾರೆ, ಪರೀಕ್ಷೆ ಆಗಿಲ್ಲ. ಆದರೆ ನನ್ನ ಅರ್ಧ ಮಾತು ಆ ಮನೆಗೆ ತಲುಪಿದ್ದು ನಿಜ. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆಸ್ಟ್ ಬಿಫೋರ್ ಎಂದರೆ ಈ ದಿನದವರೆಗೆ ರುಚಿ, ಪರಿಮಳ, ಗರಿಗರಿ ಎಲ್ಲ ಚೆನ್ನಾಗಿರುತ್ತದೆ ಎಂದು ಕಂಪೆನಿ ಕೊಡುವ ಮಾತು. ದಿನ ದಾಟಿದರೆ ಬಿಸ್ಕೆಟ್ ಮೆತ್ತಗಾಗಬಹುದು, ಚಹಾಪುಡಿಯ ಘಮ ಇಳಿಯಬಹುದು. ಆದರೆ ಅದು ಆ ದಿನವೇ ವಿಷವಾಗುವುದಿಲ್ಲ. ಎಕ್ಸ್‌ಪೈರಿ ಅಥವಾ 'ಯೂಸ್ ಬೈ' ಎಂದರೆ ಆ ದಿನದ ನಂತರ ತಿನ್ನಲು ಸುರಕ್ಷಿತ ಎಂಬ ಭರವಸೆ ಇಲ್ಲ. ಮಾರುವುದೂ ತಪ್ಪು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮ ಎರಡಕ್ಕೂ ಬೇರೆ ಬೇರೆ ಅರ್ಥ ಕೊಟ್ಟಿದೆ. ಎಕ್ಸ್‌ಪೈರಿ ಹಾಕಲೇಬೇಕು. ಬೆಸ್ಟ್ ಬಿಫೋರ್ ಬೇಕಿದ್ದರೆ ಜೊತೆಗೆ ಹಾಕಬಹುದು. ಹಾಗಾಗಿ ಒಂದೇ ಪ್ಯಾಕೆಟ್ಟಿನಲ್ಲಿ ಎರಡೂ ಕಂಡರೆ ಗಾಬರಿಯಾಗಬೇಡಿ, ಕೊನೆಯ ಗಡಿ ಎಕ್ಸ್‌ಪೈರಿ.

"ಮೂಸಿ ನೋಡಿದೆ ಡಾಕ್ಟ್ರೇ, ವಾಸನೆ ಏನೂ ಇರಲಿಲ್ಲ" ಎಂದರು ಆ ತಾಯಿ. ನಮ್ಮ ಅಜ್ಜಿಯಂದಿರ ಪರೀಕ್ಷೆ ಇದು. ಹುಳಿ ಬಂದ ಅನ್ನಕ್ಕೆ, ಒಡೆದ ಹಾಲಿಗೆ ಸರಿ. ಆದರೆ ವಾಸನೆ ಎಬ್ಬಿಸುವ ಕ್ರಿಮಿ ಬೇರೆ, ಹೊಟ್ಟೆ ಕೆಡಿಸುವ ಕ್ರಿಮಿ ಬೇರೆ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಣ್ಣಗಿನಲ್ಲೂ ಬೆಳೆಯುತ್ತದೆ, ಮೂಗಿಗೆ ಗೊತ್ತೇ ಆಗುವುದಿಲ್ಲ. ಗರ್ಭಿಣಿಯರಿಗೆ ಅದು ತಗಲಿದರೆ ಮಗುವನ್ನೇ ಕಳೆದುಕೊಳ್ಳುವ ಅಪಾಯವಿದೆ. ಮಾಂಸ, ಮೀನು, ಪನೀರು, ಹಾಲಿನ ಪದಾರ್ಥಗಳಲ್ಲಿ ಎಕ್ಸ್‌ಪೈರಿಯ ಜೊತೆ ಚೌಕಾಸಿ ಬೇಡ.

ಆ ದಿನಾಂಕ ಕೂಡ ಪ್ಯಾಕೆಟ್ ಒಡೆಯದೆ, ಅದರಲ್ಲಿ ಬರೆದಂತೆ ಇಟ್ಟರೆ ಮಾತ್ರ. ಜೂನ್-ಜುಲೈಯಲ್ಲಿ ಮರ ಬಿದ್ದು ನಮ್ಮ ಹಳ್ಳಿಗಳಲ್ಲಿ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಫ್ರಿಜ್ ಆಗ ಬರೀ ಕಪಾಟು. ಡೇಟ್ ಇನ್ನೂ ಒಂದು ತಿಂಗಳಿದೆ ಎಂದು ಆ ಸಾಸೇಜನ್ನು ನಂಬುವಂತಿಲ್ಲ.

ಗಲ್ಫ್‌ನಿಂದ ಬರುವ ಹಾಲಿನ ಪುಡಿ, ಚಾಕೊಲೇಟಿನ ಡಬ್ಬಿಗಳಲ್ಲಿ ಅರಬಿಯಲ್ಲೇ ಬರೆದಿರುತ್ತದೆ. ಮದ್ರಸದಲ್ಲಿ ಕಲಿತ ಮಕ್ಕಳಿಂದ ಓದಿಸಿ: 'ಇನ್ತಾಜ್' ತಯಾರಾದ ದಿನ, 'ಇನ್ತಿಹಾ' ಮುಗಿಯುವ ದಿನ. ಮೂಡುಬಿದಿರೆಯ ಒಂದು ಮನೆಯಲ್ಲಿ ಹಿರಿಯ ಉಮ್ಮ ತಯಾರಾದ ದಿನವನ್ನೇ ಮುಗಿದ ದಿನ ಎಂದು ತಿಳಿದು ಒಳ್ಳೆಯ ಹಾಲಿನ ಪುಡಿಯನ್ನು ತೆಂಗಿನ ಬುಡಕ್ಕೆ ಸುರಿದಿದ್ದರು. ಮಗ ವರ್ಷಕ್ಕೊಮ್ಮೆ ಹೊತ್ತು ತರುವ ವಸ್ತು. ಅದೂ ನಷ್ಟವೇ ಅಲ್ಲವೇ?

ಔಷಧಕ್ಕೆ ಬೆಸ್ಟ್ ಬಿಫೋರ್ ಎಂಬುದೇ ಇಲ್ಲ, ಎಕ್ಸ್‌ಪೈರಿ ಮಾತ್ರ. '08/2026' ಎಂದಿದ್ದರೆ ಆಗಸ್ಟ್ ತಿಂಗಳ ಕೊನೆಯ ದಿನದವರೆಗೆ. ಒಡೆದ ಮೇಲೆ ಲೆಕ್ಕ ಬದಲಾಗುತ್ತದೆ. ಕಣ್ಣಿನ ಡ್ರಾಪ್ಸ್ ಸಾಮಾನ್ಯವಾಗಿ ಒಂದು ತಿಂಗಳು, ನೀರು ಬೆರೆಸಿದ ಮಕ್ಕಳ ಆ್ಯಂಟಿಬಯೋಟಿಕ್ ಸಿರಪ್ ಹೆಚ್ಚಾಗಿ ಒಂದೇ ವಾರ. ಅಣ್ಣನಿಗೆ ಕೊಟ್ಟು ಉಳಿದದ್ದನ್ನು ಎರಡು ತಿಂಗಳ ನಂತರ ತಮ್ಮನಿಗೆ ಕೊಡುವ ಮನೆಗಳನ್ನು ನಾನು ಪ್ರತಿ ವಾರ ನೋಡುತ್ತೇನೆ.

ನಮ್ಮ ಯುನಾನಿಯ ವಿಷಯವನ್ನೂ ಹೇಳಿಬಿಡುತ್ತೇನೆ. "ಮಾಜೂನ್ ಹಳತಾದಷ್ಟೂ ಗುಣ ಜಾಸ್ತಿ" ಎಂಬ ನಂಬಿಕೆ ಇದೆ. ಹಳೆಯ ಹಕೀಮರು ತಿರ್ಯಾಕ್ ಎಂಬ ಮಿಶ್ರಣವನ್ನು ಹಣ್ಣಾಗಲು ಬಿಟ್ಟು ಬಳಸುತ್ತಿದ್ದರು ನಿಜ. ಅದೇ ಲೆಕ್ಕ ಅಂಗಡಿಯಿಂದ ತಂದ ಎಲ್ಲ ಡಬ್ಬಿಗೂ ನಡೆಯುವುದಿಲ್ಲ. ಯುನಾನಿ ಔಷಧಕ್ಕೂ ಕಾನೂನಿನ ಪ್ರಕಾರ ಎಕ್ಸ್‌ಪೈರಿ ಇದೆ, ಓದಿಯೇ ತೆಗೆದುಕೊಳ್ಳಿ. ಒದ್ದೆ ಚಮಚ ಹಾಕಿ ಬೂಸ್ಟು ಹಿಡಿದ ಮಾಜೂನನ್ನು ಮೇಲಿಂದ ಕೆರೆದು ತಿಂದವರೂ ಇದ್ದಾರೆ. ಬೂಸ್ಟು ಕಂಡರೆ ಡೇಟ್ ನೋಡುವ ಅಗತ್ಯವೇ ಇಲ್ಲ, ಡಬ್ಬಿಯೊಂದಿಗೆ ಎಸೆಯಿರಿ.

ಇನ್ನು ಅರ್ಧ ಬೆಲೆಯ ಆಫರ್. ಡೇಟ್ ಹತ್ತಿರ ಬಂದದ್ದನ್ನು ಕಡಿಮೆಗೆ ಮಾರುವುದು ತಪ್ಪಲ್ಲ, ಕೊಳ್ಳುವುದೂ ತಪ್ಪಲ್ಲ, ಬಡವರಿಗೆ ಅನುಕೂಲವೇ. ಆದರೆ ಲೇಬಲ್ ಕೆರೆದಿದ್ದರೆ, ಒಂದರ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸಿದ್ದರೆ ಅಂಗಡಿಯವರ ಕೈಗೇ ವಾಪಸ್ ಕೊಡಿ.

ಆ ತಾಯಿ ಈಗ ಯಾವ ಡಬ್ಬಿ ತೆರೆದರೂ ಮುಚ್ಚಳದ ಮೇಲೆ ಪೆನ್ನಿನಲ್ಲಿ ಆ ದಿನದ ತಾರೀಕು ಬರೆಯುತ್ತಾರಂತೆ. ಮೊನ್ನೆ ಬಂದಾಗ ನನ್ನ ಮೇಜಿನ ಮೇಲಿದ್ದ ಜೇನಿನ ಬಾಟಲಿಯನ್ನು ತಿರುಗಿಸಿ ನೋಡಿದರು. "ಇದು ಯಾವಾಗ ಒಡೆದದ್ದು ಡಾಕ್ಟ್ರೇ?" ನನಗೆ ನೆನಪಿರಲಿಲ್ಲ.